ಎಂ.ಎಸ್ಸಿ. ಅಗ್ರಿಗೆ ಸೇರುವ ಮೊದಲು ಕಟ್ಟೆ ನೀರಿನ ಲೆಕ್ಕ ಹಾಕಿ

ಬಿ.ಎಸ್ಸಿ. ಅಗ್ರಿ ಕೊನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಹುಡುಗ ಹುಡುಗಿಯರಿಂದ ಫೋನ್ ಶುರುವಾಗುತ್ತೆ. ಪ್ರಶ್ನೆ ಒಂದೇ. "ಅಣ್ಣ, ಅಗ್ರಾನಮಿ ತಗೊಳ್ಳಲಾ, ಸಾಯಿಲ್ ಸೈನ್ಸ್ ತಗೊಳ್ಳಲಾ?" ಬೆಳೆ ಬೆಳೆಸುವ ವಿಧಾನ ಓದುವುದು ಅಗ್ರಾನಮಿ, ಮಣ್ಣನ್ನು ಓದುವುದು ಸಾಯಿಲ್ ಸೈನ್ಸ್. ನಾನು ಮದ್ದೂರು ಕಡೆಯವನು, ಸಾಯಿಲ್ ಸೈನ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದವನು. ಉತ್ತರ ಕೊಡುವ ಮೊದಲು ನಾನೇ ವಾಪಸ್ ಕೇಳುತ್ತೇನೆ: "ನಿನ್ನ ಪ್ರಯೋಗಕ್ಕೆ ನೀರು ಎಲ್ಲಿಂದ ಬರುತ್ತಪ್ಪಾ?" ಫೋನಲ್ಲಿ ನಗು ಕೇಳಿಸುತ್ತೆ. ನಾನೂ ಸೇರುವಾಗ ನಗುತ್ತಿದ್ದೆ.

ಲೆಕ್ಕ ಹಾಕಿ ನೋಡಿ. ಎಂ.ಎಸ್ಸಿ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಪರೀಕ್ಷೆ, ಫಲಿತಾಂಶ, ಕೌನ್ಸೆಲಿಂಗ್ ಅಂತ ಮುಗಿದು ನೀವು ತರಗತಿಯಲ್ಲಿ ಕೂರುವ ಹೊತ್ತಿಗೆ ಮೊದಲ ಮುಂಗಾರು ಹೆಚ್ಚುಕಡಿಮೆ ಕೈಬಿಟ್ಟಿರುತ್ತೆ. ಮೊದಲ ವರ್ಷ ಕೋರ್ಸ್‌ಗಳ ಕಾಟ. ಉಳಿಯುವುದು ಎರಡನೇ ಮುಂಗಾರು. ಭತ್ತವೋ ರಾಗಿಯೋ, ಬಿತ್ತನೆಯಿಂದ ಕೊಯ್ಲಿಗೆ ಸುಮಾರು ನಾಲ್ಕು ತಿಂಗಳು. ಅದಾದ ಮೇಲೆ ಲ್ಯಾಬ್, ಅದಾದ ಮೇಲೆ ಬರೆಯುವುದು. ಅಂದರೆ ನಿಮ್ಮ ಕೈಗೆ ಸಿಗುವುದು ಒಂದೇ ಒಂದು ಒಳ್ಳೆ ಹಂಗಾಮು. ಅದು ಹೋದರೆ ಆರು ತಿಂಗಳು ಹೋಯಿತು ಅಂತಲೇ ಲೆಕ್ಕ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್., ತುಂಬದೇ ಹೋದಾಗ ನಾಲೆ ನೀರನ್ನೇ ನಂಬಿದ್ದವರ ಪಾಡು ಏನಾಯಿತು ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಕಟ್ಟೆ ತುಂಬಿದಾಗಿನ ಮಟ್ಟ 124.80 ಅಡಿ ಅನ್ನುವ ಸಂಖ್ಯೆ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ಗದ್ದೆ ಪ್ರಯೋಗ ಮಾಡುವ ವಿದ್ಯಾರ್ಥಿಗೂ ಅದು ಸಿಲಬಸ್ಸೇ.

ಹಾಗಾಗಿ ಈ ಬರಹದಲ್ಲಿ ವಿಷಯ, ಪರೀಕ್ಷೆ, ಗೈಡು, ಗದ್ದೆ, ಲ್ಯಾಬು ಎಲ್ಲ ಬರುತ್ತೆ, ಆದರೆ ಎಲ್ಲವನ್ನೂ ಆ ಒಂದು ಹಂಗಾಮಿನ ಕಣ್ಣಲ್ಲೇ ನೋಡಿದ್ದೇನೆ.

ಯಾವ ವಿಷಯ?

ಒಂದು ಗದ್ದೆ ಊಹಿಸಿಕೊಳ್ಳಿ. ಭತ್ತ ನಾಟಿ ಮಾಡಿ ಮೂರು ವಾರ ಆಗಿದೆ, ಎಲೆ ಮೇಲೆ ತುಕ್ಕು ಹಿಡಿದಂಥ ಕಂದು ಚುಕ್ಕೆ, ಪೈರು ಕುಳ್ಳಗೆ ನಿಂತುಬಿಟ್ಟಿದೆ. ಅಗ್ರಾನಮಿಯವನು ಬಂದರೆ ಯಾವಾಗ ನಾಟಿ ಮಾಡಿದಿರಿ, ಎಷ್ಟು ಅಂತರ, ಯೂರಿಯಾ ಎಷ್ಟು ಸಲ ಕೊಟ್ಟಿರಿ ಅಂತ ಶುರು ಮಾಡುತ್ತಾನೆ. ಸಾಯಿಲ್ ಸೈನ್ಸ್‌ನವನು ಮೊದಲು ಕೆಸರಿಗೆ ಕೈ ಹಾಕುತ್ತಾನೆ, ಪಿ.ಎಚ್. (ಮಣ್ಣಿನ ಹುಳಿ, ಕ್ಷಾರದ ಅಳತೆ) ಎಷ್ಟಿರಬಹುದು, ಸತುವಿನ ಕೊರತೆ ಇರಬಹುದಾ ಅಂತ ಯೋಚಿಸುತ್ತಾನೆ. ತಳಿ ಅಭಿವೃದ್ಧಿಯವಳು ಪಕ್ಕದ ಗದ್ದೆಯ ತಳಿ ಯಾವುದು, ಅದೇಕೆ ಹಸಿರಾಗಿದೆ ಅಂತ ಕೇಳುತ್ತಾಳೆ. ಬೆಳೆಯ ಒಳಗೆ ಏನು ನಡೆಯುತ್ತೆ ಅಂತ ಓದುವ ಕ್ರಾಪ್ ಫಿಸಿಯಾಲಜಿಯವಳು ಎಲೆ ಕಿತ್ತು ಐಸ್ ಡಬ್ಬಿಗೆ ಹಾಕಿಕೊಂಡು ಹೊರಡುತ್ತಾಳೆ. ನಾಲ್ವರೂ ಸರಿಯೇ. ಆ ಗದ್ದೆ ನೋಡಿದ ತಕ್ಷಣ ನಿಮ್ಮ ತಲೆಗೆ ಯಾವ ಪ್ರಶ್ನೆ ಮೊದಲು ಬರುತ್ತೆ ಅನ್ನುವುದೇ ನಿಮ್ಮ ವಿಷಯ. ಯಾವುದಕ್ಕೆ ಕೆಲಸ ಜಾಸ್ತಿ ಸಿಗುತ್ತೆ ಅನ್ನುವ ಲೆಕ್ಕ ಆಮೇಲೆ ಇಟ್ಟುಕೊಳ್ಳಿ.

ಇನ್ನೊಂದು ಒರಟು ಪರೀಕ್ಷೆ ಇದೆ. ದಿನಕ್ಕೆ ಆರು ಗಂಟೆ ಲ್ಯಾಬಿನಲ್ಲಿ ನಿಂತು ದ್ರಾವಣ ಹನಿ ಹನಿ ಬಿಡುವ ಬ್ಯುರೆಟ್ ನೋಡುತ್ತಾ ಇರಲು ಬೇಜಾರಿಲ್ಲ ಅನ್ನುವವರು ಸಾಯಿಲ್ ಸೈನ್ಸ್‌ಗೆ ಹೋಗಿ. ಕೆಮಿಸ್ಟ್ರಿ ಅಂದರೆ ಪಿಯುಸಿಯಿಂದಲೂ ಅಲರ್ಜಿ ಅನ್ನುವವರು ದಯವಿಟ್ಟು ಸುಮ್ನೆ ಸೀಟು ಸಿಕ್ಕಿತು ಅಂತ ಬರಬೇಡಿ. ಆಮೇಲೆ ಒದ್ದಾಡಿದವರನ್ನು ನೋಡಿದ್ದೇನೆ.

ಅಂದ ಹಾಗೆ ಅಮೆರಿಕದಲ್ಲಿ ಟೆಕ್ಸಸ್ ಎ ಅಂಡ್ ಎಂ, ಕೊಲರಾಡೊ ಸ್ಟೇಟ್ ಥರದ ವಿಶ್ವವಿದ್ಯಾಲಯಗಳಲ್ಲಿ ಸಾಯಿಲ್ ಅಂಡ್ ಕ್ರಾಪ್ ಸೈನ್ಸಸ್ ಅಂತ ಮಣ್ಣು ಬೆಳೆ ಎರಡೂ ಸೇರಿ ಒಂದೇ ವಿಭಾಗ. ನಮ್ಮಲ್ಲಿ ಬೇರೆ ಬೇರೆ ಕೋಣೆ, ಬೇರೆ ಬೇರೆ ಬೀಗ. ಆದರೆ ಗದ್ದೆಯಲ್ಲಿ ಬೇರೆ ಮಾಡಲು ಆಗಲ್ಲ. ಸಾಯಿಲ್ ಸೈನ್ಸ್ ತಗೊಂಡರೂ ಮೈನರ್ ಕೋರ್ಸ್‌ಗಳನ್ನು ಅಗ್ರಾನಮಿಯಿಂದ ಆರಿಸಿಕೊಳ್ಳಿ, ಉಪಯೋಗಕ್ಕೆ ಬರುತ್ತೆ.

ಅಗ್ರಿ ಅಲ್ಲದ ಬಿ.ಎಸ್ಸಿ. ಮಾಡಿದವರೂ ಕೇಳುತ್ತಾರೆ. ಕೃಷಿ ವಿವಿಯ ಸಾಯಿಲ್ ಸೈನ್ಸ್‌ಗೆ ಕೃಷಿ ಅಥವಾ ಅದಕ್ಕೆ ಹತ್ತಿರದ ಪದವಿಯೇ ಬೇಕು. ಬಾಟನಿ, ಕೆಮಿಸ್ಟ್ರಿ ಓದಿದವರು ಮೈಸೂರು ವಿವಿಯ ಮಾನಸಗಂಗೋತ್ರಿಯ ಸಸ್ಯಶಾಸ್ತ್ರ, ಪರಿಸರ ವಿಜ್ಞಾನ ವಿಭಾಗಗಳನ್ನು ನೋಡಬಹುದು. ಅಲ್ಲಿಂದಲೂ ಮಣ್ಣಿನ ಕಡೆ ದಾರಿ ಇದೆ, ಸ್ವಲ್ಪ ಬಳಸು ದಾರಿ ಅಷ್ಟೆ.

ಪರೀಕ್ಷೆ

ಎರಡು ಬಾಗಿಲು. ಒಂದು ರಾಜ್ಯದ ಕೃಷಿ ವಿವಿಗಳ ಪಿ.ಜಿ. ಪ್ರವೇಶ, ಇನ್ನೊಂದು ಐ.ಸಿ.ಎ.ಆರ್. (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಸೀಟುಗಳ ಅಖಿಲ ಭಾರತ ಪರೀಕ್ಷೆ. ಎರಡನ್ನೂ ಬರೆಯಿರಿ. ಐ.ಸಿ.ಎ.ಆರ್.ನಲ್ಲಿ ಒಳ್ಳೆ ರ‍್ಯಾಂಕ್ ಬಂದರೆ ಸ್ಕಾಲರ್‌ಶಿಪ್ ಸಿಗುತ್ತೆ, ಮನೆಗೆ ಫೋನ್ ಮಾಡಿ ದುಡ್ಡು ಕೇಳುವ ಕಷ್ಟ ತಪ್ಪುತ್ತೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಐ.ಸಿ.ಎ.ಆರ್. ಪರೀಕ್ಷೆಗೆ ಅರ್ಜಿ ಹಾಕುವಾಗಲೇ ವಿಷಯದ ಗುಂಪು ಆರಿಸಬೇಕು. ಅಗ್ರಾನಮಿಗೆ ಅದರದೇ ಗುಂಪು. ಸಾಯಿಲ್ ಸೈನ್ಸ್ ಇರುವುದು ಫಿಸಿಕಲ್ ಸೈನ್ಸ್ ಅನ್ನುವ ಗುಂಪಿನಲ್ಲಿ, ಹವಾಮಾನ, ಪರಿಸರ ವಿಜ್ಞಾನದ ಜೊತೆಗೆ. ತಳಿ ಅಭಿವೃದ್ಧಿ ಪ್ಲಾಂಟ್ ಸೈನ್ಸ್ ಗುಂಪಿನಲ್ಲಿ. ಅಗ್ರಾನಮಿ ಗುಂಪಲ್ಲಿ ಬರೆದು ಆಮೇಲೆ ಸಾಯಿಲ್ ಸೈನ್ಸ್ ಬೇಕು ಅಂದರೆ ಆಗುವುದಿಲ್ಲ. ನನ್ನ ಬ್ಯಾಚಿನ ಒಬ್ಬ "ಫಿಸಿಕಲ್ ಸೈನ್ಸ್ ಅಂದರೆ ಫಿಸಿಕ್ಸ್ ಇರುತ್ತೇನೋ" ಅಂತ ಹೆದರಿ ಬಿಟ್ಟುಬಿಟ್ಟ! ಇನ್ನೊಂದು ಮಾತು, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಎರಡು ಆಯ್ಕೆಗಳನ್ನು ಖಚಿತವಾಗಿ ಹೊಡೆದುಹಾಕಲು ಆದರೆ ಊಹೆ ಮಾಡಿ, ಇಲ್ಲದಿದ್ದರೆ ಮುಂದಕ್ಕೆ ಹೋಗಿ.

ಮಂಡ್ಯಕ್ಕೆ ಪ್ರತ್ಯೇಕ ಕೃಷಿ ವಿವಿ ಅಂತ ಸರ್ಕಾರ ತೀರ್ಮಾನಿಸಿರುವುದರಿಂದ ಯಾವ ಕಾಲೇಜು ಯಾರ ಕೆಳಗೆ ಬರುತ್ತೆ, ಎಲ್ಲಿ ಎಷ್ಟು ಸೀಟು ಅನ್ನುವುದನ್ನು ನೀವು ಅರ್ಜಿ ಹಾಕುವ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ನೋಡಿ. ಸೀನಿಯರ್ ಹೇಳಿದ್ದನ್ನು, ನಾನು ಹೇಳಿದ್ದನ್ನೂ ಸೇರಿಸಿ, ನಂಬಬೇಡಿ.

ಜಾಗ ಮತ್ತು ಗೈಡು

ಜಿ.ಕೆ.ವಿ.ಕೆ., ಅಂದರೆ ಬೆಂಗಳೂರು ಕೃಷಿ ವಿವಿಯ ಕ್ಯಾಂಪಸ್, ದೊಡ್ಡದು, ಉಪಕರಣ ಜಾಸ್ತಿ, ಬೆಂಗಳೂರು ಅನ್ನುವ ಆಕರ್ಷಣೆ ಬೇರೆ. ಆದರೆ ಭತ್ತ, ಕಬ್ಬು, ರಾಗಿ ಮೇಲೆ ಕೆಲಸ ಮಾಡುವವರಿಗೆ ಮಂಡ್ಯದ ವಿ.ಸಿ. ಫಾರಂ ಬಿಟ್ಟು ಬೇರೆ ಕಡೆ ನೋಡುವ ಅಗತ್ಯ ನನಗೆ ಕಾಣುವುದಿಲ್ಲ. ವಿ.ಸಿ. ಅಂದರೆ ವಿಶ್ವೇಶ್ವರಯ್ಯ ಕೆನಾಲ್. ನಾಲೆ ಬಂದಾಗ, ಹೊಸದಾಗಿ ನೀರು ಕಂಡ ನೆಲದಲ್ಲಿ ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು ಅಂತ ಕಂಡುಕೊಳ್ಳಲು 1931ರಲ್ಲಿ ಶುರುವಾದ ಫಾರಂ ಅದು. ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದದ್ದು ಇಲ್ಲಿಯ ಕೆಲಸದಿಂದಲೇ. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್. ಕಬ್ಬಿನಲ್ಲಿ ವಿ.ಸಿ.ಎಫ್. 0517 ಅಂತ ರೈತರು ಹೇಳುತ್ತಾರಲ್ಲ, ಆ ಹೆಸರಿನಲ್ಲೇ ಫಾರಂ ಇದೆ. ಮುಖ್ಯವಾಗಿ, ಕೆಂಪು ಮಣ್ಣು, ಅದರ ತಗ್ಗಿನಲ್ಲಿ ಕಪ್ಪು ಮಣ್ಣು, ನಾಲೆಯ ಕೊನೇ ಭಾಗದಲ್ಲಿ ಕ್ಷಾರ ಹೆಚ್ಚಾದ ಚೌಳು ನೆಲ, ಇವೆಲ್ಲ ಬೈಕಿನಲ್ಲಿ ಒಂದು ಗಂಟೆಯೊಳಗೆ ಸಿಗುತ್ತವೆ. ಮಣ್ಣು ಓದುವವನಿಗೆ ಇನ್ನೇನು ಬೇಕು?

ಗೈಡ್ ಬಗ್ಗೆ ಕೇಳುವುದು ಅವರ ಚೇಂಬರಿನಲ್ಲಿ ಅಲ್ಲ, ಕ್ಯಾಂಟೀನಿನಲ್ಲಿ. ಅವರ ಹಿಂದಿನ ವಿದ್ಯಾರ್ಥಿಗಳು ಎರಡು ವರ್ಷದಲ್ಲಿ ಮುಗಿಸಿದರಾ? ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ? ಪ್ರಾಜೆಕ್ಟ್ ಇದೆಯಾ, ಕೆಮಿಕಲ್ಸ್ ದುಡ್ಡು ಯಾರದ್ದು? ಲ್ಯಾಬಿನಲ್ಲಿ ಸತು, ಕಬ್ಬಿಣ ಅಳೆಯುವ ಎ.ಎ.ಎಸ್. ಯಂತ್ರ ಕೆಲಸ ಮಾಡುತ್ತಾ, ಇಲ್ಲ ಬಟ್ಟೆ ಹೊದ್ದು ಮಲಗಿದೆಯಾ? ಕೊನೆಯದಾಗಿ, ಪ್ರಯೋಗದ ಗದ್ದೆಗೆ ಬೋರ್‌ವೆಲ್ ಇದೆಯಾ, ಬರೀ ನಾಲೆಯಾ? ಹೆಸರು ದೊಡ್ಡದಿದ್ದು ಅರ್ಧ ವರ್ಷ ಮೀಟಿಂಗಿನಲ್ಲೇ ಕಳೆಯುವ ಗೈಡಿಗಿಂತ, ಬೆಳಿಗ್ಗೆ ಒಮ್ಮೆ ಗದ್ದೆ ಬದುವಿನ ಮೇಲೆ ಬಂದು ನಿಲ್ಲುವ ಗೈಡ್ ಮೇಲು. ಇದು ನನ್ನ ಅಭಿಪ್ರಾಯ, ಬೇರೆಯವರು ಬೇರೆ ಹೇಳಬಹುದು.

ಕೋರ್ಸ್ ವರ್ಕ್ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಒಟ್ಟು 70 ಕ್ರೆಡಿಟ್, ಅದರಲ್ಲಿ 30 ಥೀಸಿಸ್‌ದು. ಸ್ಟ್ಯಾಟಿಸ್ಟಿಕ್ಸ್ ತರಗತಿ ತಪ್ಪಿಸಬೇಡಿ. ಮಿಕ್ಕಿದ್ದು ನಡೆಯುತ್ತೆ.

ಗದ್ದೆ

ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಸಿನಾಪ್ಸಿಸ್, ಅಂದರೆ ಥೀಸಿಸ್ ಕೆಲಸದ ಯೋಜನೆ, ಕೈಯಲ್ಲಿ ಇರಲಿ. ಎರಡನೇ ಮುಂಗಾರಿನ ಒಟ್ಲು (ಸಸಿ ಮಡಿ) ಬಿಡುವ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಜುಲೈಯಲ್ಲಿ ಒಟ್ಲು ಬಿಡಬೇಕಾದರೆ ಜೂನ್‌ನಲ್ಲಿ ಮೊದಲ ಮಣ್ಣಿನ ಮಾದರಿ ತೆಗೆದಿರಬೇಕು, ಮೇನಲ್ಲಿ ಜಾಗ ಗೊತ್ತಾಗಿರಬೇಕು, ಅದಕ್ಕೂ ಮೊದಲೇ ಸಿನಾಪ್ಸಿಸ್‌ಗೆ ಸಮಿತಿಯ ಸಹಿ ಬಿದ್ದಿರಬೇಕು. ಸಮಿತಿಯ ಸದಸ್ಯರನ್ನೆಲ್ಲ ಒಂದೇ ದಿನ ಒಂದೇ ಕೋಣೆಗೆ ಸೇರಿಸುವುದೇ ಒಂದು ಕೃಷಿ.

ಎಷ್ಟು ಪ್ಲಾಟ್? ಸಾಮಾನ್ಯವಾಗಿ ಆರ್.ಸಿ.ಬಿ.ಡಿ. ವಿನ್ಯಾಸ ಹಾಕುತ್ತಾರೆ. ಹೋಲಿಸಿ ನೋಡುವ ಒಂದೊಂದು ವಿಧಾನ ಒಂದು ಟ್ರೀಟ್‌ಮೆಂಟ್, ಎಲ್ಲ ಟ್ರೀಟ್‌ಮೆಂಟುಗಳ ಒಂದು ಪೂರ್ತಿ ಸೆಟ್ ಒಂದು ರೆಪ್ಲಿಕೇಶನ್. 7 ಟ್ರೀಟ್‌ಮೆಂಟ್, 3 ರೆಪ್ಲಿಕೇಶನ್ ಆದರೆ 21 ಪ್ಲಾಟ್. ಫಲಿತಾಂಶವನ್ನು ಎಷ್ಟು ನಂಬಬಹುದು ಅನ್ನುವುದಕ್ಕೆ ನೋಡುವ ಎರರ್ ಡಿಗ್ರಿ ಆಫ್ ಫ್ರೀಡಂ, ಎರಡರಲ್ಲೂ ಒಂದೊಂದು ಕಳೆದು 6 ಗುಣಿಸು 2, ಅಂದರೆ 12. ಇದು 12ಕ್ಕಿಂತ ಕೆಳಗೆ ಇಳಿಯದಿದ್ದರೆ ಒಳ್ಳೆಯದು. 6 ಟ್ರೀಟ್‌ಮೆಂಟ್ ಸಾಕು ಅಂತ ಗೈಡ್ ಹೇಳಿದರೆ 4 ರೆಪ್ಲಿಕೇಶನ್ ಕೇಳಿ. ಪ್ಲಾಟ್ 5 ಮೀಟರ್ ಉದ್ದ 4 ಮೀಟರ್ ಅಗಲ ಇಟ್ಟರೆ 20 ಚದರ ಮೀಟರ್, 21 ಪ್ಲಾಟಿಗೆ 420, ಅಂದರೆ ನಾಲ್ಕು ಗುಂಟೆ ಮೇಲೆ ಚೂರು. ಬದು, ಕಾಲುವೆ ಸೇರಿ ಆರೇಳು ಗುಂಟೆ ಕೇಳಿಟ್ಟುಕೊಳ್ಳಿ.

ಗೊಬ್ಬರದ ಲೆಕ್ಕ ಒಂದು ಸಲ ಕೈಯಲ್ಲೇ ಮಾಡಿ. ಹೆಕ್ಟೇರಿಗೆ 100 ಕಿಲೋ ಸಾರಜನಕ ಅಂದುಕೊಳ್ಳಿ. ಯೂರಿಯಾದಲ್ಲಿ ಶೇ. 46 ಸಾರಜನಕ, ಹಾಗಾಗಿ ಯೂರಿಯಾ ಸುಮಾರು 217 ಕಿಲೋ. 20 ಚದರ ಮೀಟರ್ ಪ್ಲಾಟಿಗೆ ಅದು 435 ಗ್ರಾಂ. ಅರ್ಧ ನಾಟಿ ಹೊತ್ತಿಗೆ, ಉಳಿದದ್ದು ಆಮೇಲೆ ಎರಡು ಕಂತಲ್ಲಿ ಅಂದರೆ ಮೊದಲ ಪೊಟ್ಟಣ ಸುಮಾರು 217 ಗ್ರಾಂ. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕೂತು 21 ಪೊಟ್ಟಣ ತೂಗಿ, ಪ್ಲಾಟ್ ನಂಬರ್ ಬರೆದು, ರೆಪ್ಲಿಕೇಶನ್ ಪ್ರಕಾರ ಮೂರು ಚೀಲಕ್ಕೆ ಹಾಕಿಡಿ. ಗದ್ದೆಯಲ್ಲಿ ನಿಂತು, ಕೆಸರು ಕೈಯಲ್ಲಿ, ತಕ್ಕಡಿ ಹಿಡಿದು ತೂಗುತ್ತೇನೆ ಅಂದುಕೊಂಡರೆ ಆ ದಿನ ಮಳೆ ಬಂದೇ ಬರುತ್ತೆ.

ಭತ್ತದ ಪ್ರಯೋಗದಲ್ಲಿ ದೊಡ್ಡ ಶತ್ರು ನೀರು ಬದು ಹಾರುವುದು. ಒಂದು ಪ್ಲಾಟಿಗೆ ಹಾಕಿದ ಯೂರಿಯಾ ಪಕ್ಕದ ಪ್ಲಾಟಿಗೆ ಹರಿದರೆ ನಿಮ್ಮ ಟ್ರೀಟ್‌ಮೆಂಟುಗಳೆಲ್ಲ ಅಣ್ಣ ತಮ್ಮಂದಿರಂತೆ ಒಂದೇ ಥರ ಇಳುವರಿ ಕೊಡುತ್ತವೆ. ಒಂದರಿಂದ ಇನ್ನೊಂದಕ್ಕೆ ನೀರು ಬಿಡಬೇಡಿ. ಎರಡು ಸಾಲಿನ ನಡುವೆ ಕಾಲುವೆ ತೆಗೆದು ಪ್ರತಿ ಪ್ಲಾಟಿಗೂ ಬೇರೆ ಬಾಯಿ ಇಡಿ. ಗೊಬ್ಬರ ಹಾಕುವ ಹಿಂದಿನ ದಿನ ಬದುವಿನ ಉದ್ದಕ್ಕೂ ನಡೆದು ಏಡಿ ಬಿಲ ಹುಡುಕಿ. ಒಂದು ಬಿಲ ಸಾಕು, ರಾತ್ರೋರಾತ್ರಿ ಪ್ಲಾಟ್ ಬರಿದಾಗಲು. ರೆಪ್ಲಿಕೇಶನ್‌ಗಳನ್ನು ತೂಬಿನ ಹತ್ತಿರದಿಂದ ದೂರಕ್ಕೆ ಒಂದರ ಹಿಂದೆ ಒಂದು ಬರುವಂತೆ ಹಾಕಿ, ತೂಬಿನ ಹತ್ತಿರದ ಮಣ್ಣಿಗೂ ಕೊನೆಯ ಮಣ್ಣಿಗೂ ಇರುವ ವ್ಯತ್ಯಾಸ ಆಗ ಟ್ರೀಟ್‌ಮೆಂಟಿನ ತಲೆಗೆ ಬರುವುದಿಲ್ಲ.

ಈಗ ನನ್ನ ಕಥೆ. ನನ್ನ ಪ್ರಯೋಗ ಇದ್ದದ್ದು ರೈತರೊಬ್ಬರ ಗದ್ದೆಯಲ್ಲಿ, ನಾಲೆಯ ಕೊನೇ ಭಾಗದಲ್ಲಿ, ಚೌಳು ನೆಲಕ್ಕೆ ಜಿಪ್ಸಂ ಹಾಕಿ ನೋಡುವುದು. ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬರುತ್ತಿದ್ದರೂ ಹೇಗೋ ಬೆಳೆ ತೆನೆವರೆಗೆ ಬಂತು. ಬುಧವಾರ ಕೊಯ್ಲು ಅಂತ ನಾನು ನಿರ್ಧರಿಸಿದ್ದೆ. ಭಾನುವಾರ ಊರಲ್ಲಿ ಹಬ್ಬ, ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಆ ಸಾಲಿನ ಗದ್ದೆಗಳಿಗೆಲ್ಲ ಕಟಾವು ಯಂತ್ರ ಇಳಿದಿತ್ತು, ರಸ್ತೆ ಕಡೆಯ ನನ್ನ ಏಳು ಪ್ಲಾಟ್, ಅಂದರೆ ಒಂದು ಇಡೀ ರೆಪ್ಲಿಕೇಶನ್, ಖಾಲಿ. ಗೂಟಗಳು ಚಕ್ರದ ಗುರುತಿನಲ್ಲಿ ಮಲಗಿದ್ದವು. ಗದ್ದೆಯ ರೈತರು ಬೇಜಾರಿನಲ್ಲೇ ಹೇಳಿದರು, "ಮಷೀನು ಮತ್ತೆ ಈ ಕಡೆ ಬರಲ್ಲ ಅಂದ್ರು ಕಣಪ್ಪ, ನಿಲ್ಸು ಅನ್ನೋಷ್ಟರಲ್ಲಿ ಅಷ್ಟೂ ಮುಗ್ದೋಗಿತ್ತು." ಅವರನ್ನು ಬೈಯಲು ನನಗೆ ಯಾವ ಹಕ್ಕೂ ಇರಲಿಲ್ಲ, ಅವರ ವರ್ಷದ ಅನ್ನ ಅದು. ಎರಡೇ ರೆಪ್ಲಿಕೇಶನ್ ಉಳಿದರೆ ಎರರ್ ಡಿಗ್ರಿ ಆಫ್ ಫ್ರೀಡಂ 6. ಗೈಡ್ ಆಗುವುದಿಲ್ಲ ಅಂದರು. ಬೋರ್‌ವೆಲ್ ಇದ್ದ ಬೇರೆ ಗದ್ದೆಯಲ್ಲಿ ಬೇಸಿಗೆ ಬೆಳೆ ಹಾಕಿ ಮತ್ತೆ ಮಾಡಿದೆ. ಆರು ತಿಂಗಳು ತಡ.

ರೈತರ ಗದ್ದೆಯಲ್ಲಿ ಮಾಡುವವರು ಮೂರು ಕೆಲಸ ಮಾಡಿ. ಕೊಯ್ಲಿನ ಹದಿನೈದು ದಿನ ಮೊದಲಿನಿಂದ ಆ ಊರಲ್ಲೇ ಯಾರಾದರೂ ಒಬ್ಬರು ನಿಮಗೆ ಫೋನ್ ಮಾಡುವಂತೆ ಮಾಡಿಕೊಳ್ಳಿ. ಪ್ರಯೋಗದ ಸುತ್ತ ಕೆಂಪು ಬಟ್ಟೆ ಕಟ್ಟಿ, ಗೂಟ ನಂಬಬೇಡಿ. ಮನೆಯ ಹೆಂಗಸರಿಗೂ ಇದು ಏನು, ಯಾಕೆ ಅಂತ ತಿಳಿಸಿ ಹೇಳಿ, ಏಕೆಂದರೆ ಗದ್ದೆಯಲ್ಲಿ ಜಾಸ್ತಿ ಹೊತ್ತು ಇರುವವರು ಅವರೇ.

ಮಣ್ಣು ತೆಗೆಯುವುದು, ಅಳೆಯುವುದು

ಮಾದರಿ ತೆಗೆಯುವುದನ್ನು ಬಿ.ಎಸ್ಸಿ.ಯಲ್ಲೇ ಕಲಿತಿದ್ದೀರಿ, ಆದರೂ ಕೈ ಕೆಡುವುದು ಅಲ್ಲೇ. ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂಟಿಮೀಟರ್ ಗುಂಡಿ ತೋಡಿ, ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ತೆಗೆಯಬೇಕು. ಬದುವಿನ ಹತ್ತಿರ, ಮರದ ಕೆಳಗೆ, ಗೊಬ್ಬರದ ಗುಡ್ಡೆ ಇದ್ದ ಜಾಗ ಬೇಡ. ಸತು ಕಬ್ಬಿಣ ಅಳೆಯುವುದಿದ್ದರೆ ತುಕ್ಕು ಹಿಡಿದ ಗುದ್ದಲಿ, ಜಿಂಕ್ ಬಳಿದ ಬಕೆಟ್ ಎರಡೂ ಬೇಡ, ಪ್ಲಾಸ್ಟಿಕ್ ಬಕೆಟ್ ತಗೊಳ್ಳಿ. ನೆರಳಲ್ಲಿ ಒಣಗಿಸಿ, ಮರದ ಕೊಡತಿಯಲ್ಲಿ ಪುಡಿ ಮಾಡಿ, 2 ಮಿಲಿಮೀಟರ್ ಜರಡಿ ಹಿಡಿಯಿರಿ.

ಚೀಟಿ ಪೆನ್ಸಿಲ್‌ನಲ್ಲಿ ಬರೆಯಿರಿ. ಒಂದು ಚೀಲದ ಒಳಗೆ, ಒಂದು ಹೊರಗೆ. ನಾನು ಮೊದಲ ಸಲ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೆ. ಹಸಿ ಮಣ್ಣಿನ ತೇವಕ್ಕೆ 3 ಯಾವುದು 8 ಯಾವುದು ಗೊತ್ತಾಗದೆ ನಾಲ್ಕು ಪ್ಲಾಟಿಗೆ ಮತ್ತೆ ಹೋಗಿ ಬಂದೆ.

ಕೊಯ್ಲಾದ ಮೇಲೆ 21 ಪ್ಲಾಟಿನಿಂದ ಎರಡು ಆಳದ ಮಣ್ಣು ಅಂದರೆ 42 ಮಾದರಿ. ಪಿ.ಎಚ್., ಇ.ಸಿ. (ಲವಣಾಂಶದ ಅಳತೆ), ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಏಳು ಪರೀಕ್ಷೆ. ಅಲ್ಲಿಗೇ 294. ಕಾಳು, ಹುಲ್ಲಿನ ವಿಶ್ಲೇಷಣೆ ಸೇರಿದರೆ ನಾಲ್ಕು ನೂರು ದಾಟುತ್ತೆ. ಎಲ್ಲವನ್ನೂ ಕೊನೆಗೆ ಅಂತ ಇಟ್ಟುಕೊಳ್ಳಬೇಡಿ. ಬಿತ್ತನೆಗೆ ಮೊದಲಿನ ಮಾದರಿಗಳನ್ನು ಬೆಳೆ ಗದ್ದೆಯಲ್ಲಿರುವಾಗಲೇ ಮುಗಿಸಿ, ಕೈ ಕೂಡ ಪಳಗುತ್ತೆ.

ಕೈ ಪಳಗುವುದು ಅಂದೆ ಅಲ್ವಾ, ಸಾವಯವ ಇಂಗಾಲದ ಟೈಟ್ರೇಷನ್ ನೋಡಿ ಗೊತ್ತಾಗುತ್ತೆ. ವಾಕ್ಲಿ ಬ್ಲ್ಯಾಕ್ ವಿಧಾನ. ಡೈಕ್ರೋಮೇಟ್ ಹಾಕಿ, ಗಂಧಕಾಮ್ಲ ಸುರಿದಾಗ ಫ್ಲಾಸ್ಕ್ ಕೈ ಸುಡುವಷ್ಟು ಕಾಯುತ್ತೆ, ಅರ್ಧ ಗಂಟೆ ಮುಟ್ಟದೆ ಬಿಡಬೇಕು. ಆಮೇಲೆ ನೀರು, ಫಾಸ್ಪಾರಿಕ್ ಆಮ್ಲ, ಡೈಫಿನೈಲ್ ಅಮೀನ್ ಸೂಚಕ. ಬ್ಯುರೆಟ್‌ನಿಂದ ಫೆರಸ್ ಅಮೋನಿಯಂ ಸಲ್ಫೇಟ್ ಬಿಡುತ್ತಾ ಹೋದರೆ ಕಡು ನೇರಳೆ ನೀಲಿ ಬಣ್ಣ ಸ್ವಲ್ಪ ಹೊತ್ತು ಹಾಗೇ ಹಠ ಹಿಡಿದು ನಿಂತಿರುತ್ತೆ. ಆಮೇಲೆ ಒಂದೇ ಒಂದು ಹನಿಗೆ ಥಟ್ಟನೆ ಪಚ್ಚೆ ಹಸಿರು. ಆ ಹನಿ ಹಿಡಿಯಲು ನನಗೆ ಹತ್ತು ದಿನ ಬೇಕಾಯಿತು. ಆ ಫೆರಸ್ ದ್ರಾವಣ ದಿನ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತೆ, ಹಾಗಾಗಿ ಪ್ರತಿ ದಿನ ಮಣ್ಣಿಲ್ಲದ ಬ್ಲ್ಯಾಂಕ್ ಒಂದು ಓಡಿಸಲೇಬೇಕು. ನಿನ್ನೆಯ ಬ್ಲ್ಯಾಂಕಲ್ಲಿ ಇವತ್ತಿನ ಲೆಕ್ಕ ಹಾಕಿದವರ ಥೀಸಿಸ್‌ನಲ್ಲಿ ಸಾವಯವ ಇಂಗಾಲ ವಾರದ ದಿನಗಳ ಪ್ರಕಾರ ಏರಿಳಿಯುತ್ತೆ! ಮಣ್ಣಿನ ರಂಜಕಕ್ಕೆ ಮೊದಲು ಪಿ.ಎಚ್. ನೋಡಿ. ಹುಳಿ ಮಣ್ಣಿಗೆ ಬ್ರೇ ವಿಧಾನ, ತಟಸ್ಥ ಮತ್ತು ಚೌಳಿಗೆ ಓಲ್ಸೆನ್ ವಿಧಾನ. ತಪ್ಪು ವಿಧಾನ ಹಿಡಿದರೆ ಸಂಖ್ಯೆ ಬರುತ್ತೆ, ಅರ್ಥ ಬರುವುದಿಲ್ಲ.

ಡೇಟಾ ದಿನದಿನವೂ ಪುಸ್ತಕಕ್ಕೆ ಬರೆದು, ಅದೇ ರಾತ್ರಿ ಫೋಟೋ ತೆಗೆದು ಮೇಲ್‌ಗೆ ಹಾಕಿ. ವಿಶ್ಲೇಷಣೆಗೆ ಒಪಿ ಸ್ಟ್ಯಾಟ್ ಅನ್ನುವ ಸಾಫ್ಟ್‌ವೇರ್ ಸಾಕಾಗುತ್ತೆ, ಆರ್ ಅನ್ನುವುದನ್ನು ಕಲಿತರೆ ಪಿಎಚ್.ಡಿ.ಗೂ ಉಪಯೋಗ.

ಮುಂದೆ

ಕೃಷಿ ಅಧಿಕಾರಿ ಹುದ್ದೆಗೆ, ಬ್ಯಾಂಕಿನ ಅಗ್ರಿಕಲ್ಚರ್ ಫೀಲ್ಡ್ ಆಫೀಸರ್ ಹುದ್ದೆಗೆ ಬಿ.ಎಸ್ಸಿ. ಸಾಕು. ಅದೇ ಗುರಿ ಅನ್ನುವವರು ಹಾಸ್ಟೆಲ್ ಊಟಕ್ಕೋಸ್ಕರ ಎಂ.ಎಸ್ಸಿ. ಸೀಟು ಹಿಡಿಯುವುದು ಬೇಡ ಅನಿಸುತ್ತೆ, ಆದರೆ ಬಹಳ ಜನ ಹಾಗೇ ಮಾಡುತ್ತಾರೆ, ಪಾಪ, ಮನೆಯಲ್ಲಿ ಕೂತು ಓದುವ ಕಷ್ಟ ನನಗೂ ಗೊತ್ತು. ವಿಜ್ಞಾನಿ, ಪ್ರಾಧ್ಯಾಪಕ ಆಗುವವರಿಗೆ ಎಂ.ಎಸ್ಸಿ. ಬೇಕೇ ಬೇಕು, ಕೃಷಿ ವಿವಿಗಳ ಪ್ರಾಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆ ಎ.ಎಸ್.ಆರ್.ಬಿ. ನೆಟ್ ಬರೆಯಲೂ ಅದೇ.

ಹೊರದೇಶಕ್ಕೆ ಹೋಗುವವರಿಗೆ ಒಂದೇ ಮಾತು. ಅಮೆರಿಕದಲ್ಲಿ ವಿಭಾಗಕ್ಕಿಂತ ಮೊದಲು ಪ್ರೊಫೆಸರ್ ಒಪ್ಪಬೇಕು, ಅವರ ಹತ್ತಿರ ಪ್ರಾಜೆಕ್ಟ್ ದುಡ್ಡು ಇದ್ದರೆ ಮಾತ್ರ ಅಸಿಸ್ಟೆಂಟ್‌ಶಿಪ್, ಅಂದರೆ ಅವರ ಕೆಲಸ ಮಾಡಿಕೊಂಡು ಓದಲು ಸಂಬಳ. ಆಗಸ್ಟ್‌ನಲ್ಲಿ ಸೇರಬೇಕಾದರೆ ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲೇ ಮೇಲ್ ಬರೆಯಲು ಶುರು ಮಾಡಿ. "ಗೌರವಾನ್ವಿತ ಸರ್, ನಿಮ್ಮ ಲ್ಯಾಬಿನಲ್ಲಿ ಅವಕಾಶ ಕೊಡಿ" ಅಂತ ನೂರು ಜನಕ್ಕೆ ಒಂದೇ ಮೇಲ್ ಕಳಿಸಿದರೆ ಯಾರೂ ಓದುವುದಿಲ್ಲ. ನಾಲೆಯ ಕೊನೇ ಭಾಗದಲ್ಲಿ ಭತ್ತಕ್ಕೆ ಇ.ಸಿ. ಎಷ್ಟಿತ್ತು, ಜಿಪ್ಸಂ ಹಾಕಿದ ಮೇಲೆ ಏನಾಯಿತು, ಅವರ ಯಾವ ಪೇಪರ್ ಓದಿ ನಿಮಗೆ ಯಾವ ಸಂದೇಹ ಬಂತು, ಇಷ್ಟನ್ನು ಎಂಟು ಸಾಲಿನಲ್ಲಿ ಬರೆಯಿರಿ.

ಇನ್ನೊಂದು ಮರೆಯುತ್ತಿದ್ದೆ. ಲ್ಯಾಬ್ ಕೆಲಸ ಮುಗಿದ ಮೇಲೆ ಉಳಿದ ಮಣ್ಣನ್ನು ಎಸೆಯಬೇಡಿ. ಮುಚ್ಚಳ ಬಿಗಿ ಮಾಡಿ, ಪ್ಲಾಟ್ ನಂಬರ್, ಆಳ, ತಾರೀಕು ಬರೆದು ಮಂಚದ ಕೆಳಗೆ ಇಡಿ. ವೈವಾದಲ್ಲಿ (ಥೀಸಿಸ್‌ನ ಮೌಖಿಕ ಪರೀಕ್ಷೆ) ಹೊರಗಿನಿಂದ ಬಂದ ಪರೀಕ್ಷಕರು ನನ್ನ ಒಂದು ಸತುವಿನ ಸಂಖ್ಯೆ ಮೇಲೆ ಬೆರಳಿಟ್ಟು "ಇದು ಇಷ್ಟು ಇರಲು ಸಾಧ್ಯವಾ?" ಅಂದರು. ಮಂಚದ ಕೆಳಗೆ ಡಬ್ಬಿ ಇತ್ತು. ಮಾರನೇ ದಿನ ಮತ್ತೆ ಅಳೆದೆ, ದಶಮಾಂಶದ ಚುಕ್ಕೆಯನ್ನು ನಾನೇ ತಪ್ಪು ಜಾಗದಲ್ಲಿ ಹಾಕಿದ್ದೆ.